ಪೆನ್ನಿನ ಸದ್ದು

ಐದು ಅಂಕದ ಪ್ರಶ್ನೆ. ಋತುಗಳು ಏಕೆ ಬದಲಾಗುತ್ತವೆ, ವಿವರಿಸಿ. ಎರಡು ಸಲ ಓದಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಮೇಜಿನ ಅಂಚನ್ನು ಬೆರಳಲ್ಲಿ ಸವರುತ್ತ ಶುರು ಮಾಡಿದಳು. "ಭೂಮಿ ಸೂರ್ಯನನ್ನು ಅಂಡಾಕಾರದ ಪಥದಲ್ಲಿ ಸುತ್ತುತ್ತದೆ, ಫುಲ್‌ಸ್ಟಾಪ್. ಸೂರ್ಯನಿಗೆ ಹತ್ತಿರ ಬಂದಾಗ ಬೇಸಿಗೆ ಆಗುತ್ತದೆ, ಕಾಮಾ, ದೂರ ಹೋದಾಗ..."

ನನ್ನ ಕೈ ನಿಂತಿತು.

ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುವುದು ಜನವರಿಯ ಮೊದಲ ವಾರದ ಸುಮಾರಿಗೆ. ಆಗ ಉತ್ತರಾರ್ಧಗೋಳದಲ್ಲಿ ಚಳಿಗಾಲ. ಋತುಗಳಿಗೆ ಕಾರಣ ಭೂಮಿಯ ಅಕ್ಷ ಸುಮಾರು 23.5 ಡಿಗ್ರಿ ಓರೆಯಾಗಿರುವುದು. ಶಾಲೆಯಲ್ಲಿ ಇದೇ ತಪ್ಪನ್ನು ನಾನೂ ಬರೆದು ಬೈಸಿಕೊಂಡಿದ್ದೆ, ಅದಕ್ಕೇ ಚೆನ್ನಾಗಿ ನೆನಪಿದೆ. ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು.

"ಯಾಕಕ್ಕಾ, ತಪ್ಪಾ?" ಅಂದಳು ಮೆಲ್ಲಗೆ.

ನಾನು ತುಟಿ ಬಿಚ್ಚಿರಲಿಲ್ಲ. ಕಾಗದದ ಮೇಲೆ ಪೆನ್ನು ಓಡುವ ಸದ್ದು ನಿಂತಿತ್ತು, ಅಷ್ಟೇ. ಮೇಲ್ವಿಚಾರಕರು ನಮ್ಮ ಕಡೆ ತಿರುಗಿದರು. "ಹೇಳು, ಬರೀತಿದೀನಿ" ಅಂದೆ. ಅವಳು ಅರ್ಧ ನಿಮಿಷ ಯೋಚಿಸಿ, "ದೂರ ಹೋದಾಗ ಚಳಿಗಾಲ ಆಗುತ್ತದೆ, ಫುಲ್‌ಸ್ಟಾಪ್" ಅಂತ ಮುಗಿಸಿದಳು. ನಾನು ಬರೆದೆ.

ನಾನು ಸ್ಕ್ರೈಬ್. ಕಣ್ಣು ಕಾಣದವರ, ಕೈಯಲ್ಲಿ ಬರೆಯಲಾಗದವರ ಪರೀಕ್ಷೆಗಳಲ್ಲಿ ಪಕ್ಕದಲ್ಲಿ ಕೂತು ಪ್ರಶ್ನೆ ಓದಿ, ಅವರು ಹೇಳಿದ್ದನ್ನು ಬರೆಯುವವಳು. ಲಿಪಿಕಾರ ಅನ್ನುವ ಚೆಂದದ ಹಳೆಯ ಪದ ಕನ್ನಡದಲ್ಲಿದೆ. ಆದರೆ ಪರೀಕ್ಷಾ ಕೇಂದ್ರದ ಬಾಗಿಲಲ್ಲಿ ನಿಂತು "ನಾನು ಲಿಪಿಕಾರಳು" ಅಂದರೆ ಒಳಗೆ ಬಿಡುವವರು ಗಾಬರಿಯಾದಾರು. ಗಣಪತಿ ಬರೆಯಲು ಕೂತಾಗ, ಹೇಳುವವರು ಎಲ್ಲೂ ನಿಲ್ಲಿಸಬಾರದು ಅಂತ ಷರತ್ತು ಹಾಕಿದನಂತೆ. ಅರ್ಥವಾಗದೆ ಒಂದು ಮಾತನ್ನೂ ಬರೆಯಬಾರದು ಅಂತ ಎದುರಿನಿಂದ ಇನ್ನೊಂದು ಷರತ್ತು ಬಂತಂತೆ. ನಮ್ಮ ಕೆಲಸದಲ್ಲಿ ಎರಡೂ ತಿರುಗುಮುರುಗು. ಹೇಳುವವರು ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು, ನಾವು ನಿಲ್ಲುವಂತಿಲ್ಲ. ಅರ್ಥವಾಗದಿದ್ದರೂ ಬರೆಯಬೇಕು, ಅರ್ಥವಾದರೆ ಅದು ಮುಖದಲ್ಲೂ ದನಿಯಲ್ಲೂ ಕಾಣಬಾರದು.

ಹತ್ತೊಂಬತ್ತನೇ ವಯಸ್ಸಿನಲ್ಲಿ ಶುರು ಮಾಡಿದ್ದು, ಈಗ ಆರು ವರ್ಷ. ಶುರು ಮಾಡಿದ ಕಾರಣ ಹೇಳಿಕೊಳ್ಳುವಂಥದ್ದಲ್ಲ. ಇಂತಿಷ್ಟು ಗಂಟೆ ಸಮಾಜಸೇವೆ ಮಾಡಿದ್ದಕ್ಕೆ ಕಾಲೇಜಿನಲ್ಲಿ ಪ್ರಮಾಣಪತ್ರ ಕೇಳುತ್ತಿದ್ದರು. ಗಿಡ ನೆಡುವವರ ಪಟ್ಟಿ ಭರ್ತಿಯಾಗಿತ್ತು. "ಇದಾದ್ರೆ ಫ್ಯಾನ್ ಕೆಳಗೆ ಕೂತು ಬರೆಯೋ ಕೆಲಸ" ಅಂತ ಗೆಳತಿ ಅಂದಳು, ಹೆಸರು ಕೊಟ್ಟೆ. ಕರುಣೆ, ಕಳಕಳಿ ಯಾವುದೂ ಇರಲಿಲ್ಲ. ಬೇರೆ ಸ್ವಯಂಸೇವಕರನ್ನು ಕೇಳಿದರೂ ಮುಕ್ಕಾಲು ಪಾಲು ಕಥೆ ಹೀಗೇ ಇರುತ್ತದೆ. ಯಾರೋ ಕರೆದರು, ಬಿಡುವಿತ್ತು, ಹೋದೆ. ಬಂದ ಕಾರಣಕ್ಕಿಂತ ಮುಂದಿನ ವಾರವೂ ಬಂದರೋ ಇಲ್ಲವೋ ಅನ್ನುವುದನ್ನೇ ನಾನೀಗ ನೋಡುವುದು.

ಮೊದಲ ದಿನವೇ ಗೊತ್ತಾಯಿತು, ಇದು ಬರೀ ಬರೆಯುವ ಕೆಲಸವಲ್ಲ ಅಂತ. ಪ್ರಶ್ನೆಯನ್ನು ಓದುವುದರಲ್ಲೇ ಉತ್ತರ ಸೋರಿಹೋಗಬಹುದು. ನಾಲ್ಕು ಆಯ್ಕೆಗಳಲ್ಲಿ ಸರಿಯಾದದ್ದು ಬಂದಾಗ ನನಗರಿವಿಲ್ಲದೆ ದನಿ ಒಂದು ಎಳೆಯಷ್ಟು ತಗ್ಗುತ್ತದಂತೆ. ಅವಳೇ ಹೇಳಿದ್ದು, ನಗುತ್ತ. "ಅಭ್ಯಾಸದ ಪೇಪರಲ್ಲಿ ನಿಮ್ಮ ದನಿ ಕೇಳ್ಕೊಂಡೇ ಇಪ್ಪತ್ತಕ್ಕೆ ಹದಿನೇಳು ತಗೊಂಡೆ ಅಕ್ಕಾ, ಪಾಠ ಓದೇ ಇರ್ಲಿಲ್ಲ." ಆ ರಾತ್ರಿ ಮನೆಯಲ್ಲಿ ಫೋನಿಗೆ ರೆಕಾರ್ಡ್ ಮಾಡಿ ಕೇಳಿಕೊಂಡೆ. ಅವಳು ಹೇಳಿದ್ದು ನಿಜ. ಆಮೇಲೆ ಒಂದು ತಿಂಗಳು ಪ್ರಶ್ನೆಗಳನ್ನು ರೈಲು ನಿಲ್ದಾಣದ ಘೋಷಣೆಯ ಹಾಗೆ, ಏರಿಳಿತವಿಲ್ಲದೆ ಓದುವುದನ್ನು ಕಲಿತೆ. ಮನೆಯವರಿಗೆ ನನಗೇನೋ ಆಗಿದೆ ಅನ್ನಿಸಿರಬೇಕು.

ಗಣಿತ ಇನ್ನೊಂದು ಪೇಚು. "ಎ ಪ್ಲಸ್ ಬಿ ಸ್ಕ್ವೇರ್" ಅಂತ ಅವಳು ಹೇಳಿದರೆ, ವರ್ಗ ಬರೀ ಬಿ ಗೋ ಎರಡಕ್ಕೂ ಸೇರಿಯೋ? ಕಣ್ಣಿಗೆ ಆವರಣಚಿಹ್ನೆ ಹೇಳುವುದನ್ನು ಕಿವಿಗೆ ಯಾರು ಹೇಳಬೇಕು? ಮೊದಲೇ ಒಪ್ಪಂದ ಮಾಡಿಕೊಂಡೆವು. "ಬ್ರಾಕೆಟ್ ಓಪನ್" ಅಂದರೆ ತೆರೆ, "ಕ್ಲೋಸ್" ಅಂದರೆ ಮುಚ್ಚು, ಏನೂ ಅನ್ನದಿದ್ದರೆ ಬ್ರಾಕೆಟ್ ಇಲ್ಲ. ಒಂದು ವೇಳೆ ಮರೆತರೆ? "ಮರೆತದ್ದು ನನ್ನ ತಪ್ಪು, ಹಾಗೇ ಬರೀರಿ." ಇಂಥ ಒಪ್ಪಂದಗಳನ್ನು ಪರೀಕ್ಷೆಯ ದಿನ ಬೆಳಿಗ್ಗೆ ಪರಿಚಯವಾದ ಸ್ಕ್ರೈಬ್ ಜೊತೆ ಮಾಡಿಕೊಳ್ಳಲು ಆಗುವುದಿಲ್ಲ. ಅದಕ್ಕೇ ನಾವು ವಾರಕ್ಕೊಂದು ದಿನ, ಶನಿವಾರ ಮೂರು ಗಂಟೆಗೆ, ಗ್ರಂಥಾಲಯದಲ್ಲಿ ಸೇರುವುದು ಅಂತಾಯಿತು. ನಾನು ಅವಳ ಪಾಠಗಳನ್ನು ಓದಿ ಹೇಳುವುದು, ಅವಳು ತನ್ನ ಉಬ್ಬು ಚುಕ್ಕಿಯ ಬ್ರೈಲ್ ಬರೆಯುವ ಸ್ಲೇಟು ಸ್ಟೈಲಸ್ಸಿನಲ್ಲಿ ಟಕಟಕ ಚುಚ್ಚುತ್ತ ಟಿಪ್ಪಣಿ ಮಾಡಿಕೊಳ್ಳುವುದು.

ಕನ್ನಡ ಪತ್ರಿಕೆಯ ಅಭ್ಯಾಸದಲ್ಲಿ ಒಂದು ದಿನ ಕಾಗುಣಿತದ ಜಗಳ ಬಂತು. ಭಾಷೆಯ ಪರೀಕ್ಷೆಯಲ್ಲಿ ಕಾಗುಣಿತ ಯಾರದ್ದು, ಹೇಳುವವರದೋ ಬರೆಯುವವರದೋ? ಅವಳದ್ದು ಅಂತ ಅವಳ ಹಟ. ಸರಿ, ಅನುಮಾನ ಬಂದಲ್ಲೆಲ್ಲ ಕೇಳುತ್ತೇನೆ ಅಂದೆ. "ವಿಶೇಷ" ಬಂದಾಗ ಕೇಳಿದೆ, "ಎರಡನೆಯದು ಹೊಟ್ಟೆ ಸೀಳಿದ ಷ ತಾನೆ?"

"ಯಾವ ಹೊಟ್ಟೆ?"

ಹುಟ್ಟಿನಿಂದಲೇ ಕಣ್ಣು ಕಾಣದವಳು. ಅಚ್ಚಿನ ಅಕ್ಷರದ ಆಕಾರವನ್ನು ನೋಡಿಯೇ ಇಲ್ಲ. ನಾನು ಮುಜುಗರದಿಂದ ವಿವರಿಸಿದೆ, ನಡುವೆ ಒಂದು ಗೆರೆ ಇರುತ್ತಲ್ಲ, ಅದಕ್ಕೆ ಹಾಗನ್ನುತ್ತೇವೆ ಅಂತ. ಅವಳು ಜೋರಾಗಿ ನಕ್ಕಳು. "ನನ್ನ ಷಗೆ ಹೊಟ್ಟೆ ಇಲ್ಲ ಅಕ್ಕಾ, ಐದು ಚುಕ್ಕಿ ಇದೆ. ನಿಮ್ಮ ಮೊದಲನೇ ಶಗೆ ಮೂರು."

ಹಾಗೆ ಶುರುವಾಯಿತು ನನ್ನ ಬ್ರೈಲ್ ಪಾಠ. ಆರು ಚುಕ್ಕಿಯ ಒಂದೊಂದು ಮನೆ. ಎಡಗಡೆ ಮೇಲಿನಿಂದ ಕೆಳಗೆ ಒಂದು ಎರಡು ಮೂರು, ಬಲಗಡೆ ನಾಲ್ಕು ಐದು ಆರು. ಒಂದನೇ ಚುಕ್ಕಿ ಮಾತ್ರ ಇದ್ದರೆ ಅ. ಒಂದು ಮತ್ತು ಮೂರು ಇದ್ದರೆ ಕ. ಭಾರತೀಯ ಭಾಷೆಗಳಿಗೆಲ್ಲ ಹೊಂದುವಂತೆ ಮಾಡಿದ ಭಾರತಿ ಬ್ರೈಲ್‌ನಲ್ಲಿ ಕನ್ನಡದ ಒತ್ತಕ್ಷರ ಕೆಳಗೆ ಇಳಿಯುವುದೇ ಇಲ್ಲ. ಒತ್ತು ಬರಲಿದೆ ಅಂತ ಮೊದಲೇ ನಾಲ್ಕನೇ ಚುಕ್ಕಿಯೊಂದನ್ನು ಇಟ್ಟು, ಅಕ್ಷರಗಳನ್ನು ಸಾಲಾಗಿ ಕೂರಿಸುತ್ತಾರೆ. "ಅಕ್ಕ" ಅಂತ ಬರೆದು ತೋರಿಸಿದಳು. ನಾಲ್ಕು ಮನೆ, ಒಟ್ಟು ಆರೇ ಚುಕ್ಕಿ. ಕಾಗದದ ಹಿಂಬದಿಯಿಂದ ಚುಚ್ಚುವುದರಿಂದ ಬರೆಯುವುದು ಬಲದಿಂದ ಎಡಕ್ಕೆ, ತಿರುಗಿಸಿ ಓದುವುದು ಎಡದಿಂದ ಬಲಕ್ಕೆ. ನಾನು ಕಣ್ಣಿಂದ ಓದಿದೆ, ಕದ್ದು ಓದಿದ ಹಾಗೆ ಅನ್ನಿಸಿತು. ಕಣ್ಣು ಮುಚ್ಚಿ ಬೆರಳಿಟ್ಟರೆ ಬರೀ ಮರಳು ಕಾಗದ ಮುಟ್ಟಿದಂತೆ. ಇವತ್ತಿಗೂ ನನ್ನ ಬೆರಳಿಗೆ ಓದಲು ಬಾರದು.

ಲೂಯಿ ಬ್ರೈಲ್ ಕಥೆಯನ್ನು ಆಮೇಲೆ ಓದಿಕೊಂಡೆ. ಮೂರು ವರ್ಷದ ಮಗು, ಅಪ್ಪನ ಚರ್ಮದ ಕೆಲಸದ ಕೋಣೆಯಲ್ಲಿ ಮೊನಚಾದ ಉಪಕರಣವೊಂದು ಕಣ್ಣಿಗೆ ಚುಚ್ಚಿ, ಸೋಂಕು ಇನ್ನೊಂದು ಕಣ್ಣಿಗೂ ಹರಡಿ ದೃಷ್ಟಿ ಹೋದದ್ದು ಎಲ್ಲರಿಗೂ ಗೊತ್ತಿರುವ ಭಾಗ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಮುಂದಿನದು. ಪ್ಯಾರಿಸ್‌ನ ಅಂಧರ ಶಾಲೆಗೆ ಅವನು ಸೇರಿದಾಗ ಅಲ್ಲಿ ಪುಸ್ತಕಗಳಿದ್ದವು. ಮಾಮೂಲಿ ರೋಮನ್ ಅಕ್ಷರಗಳನ್ನೇ ದಪ್ಪ ಕಾಗದದ ಮೇಲೆ ಉಬ್ಬಿಸಿ ಅಚ್ಚು ಹಾಕಿದ, ಎತ್ತಲಾಗದಷ್ಟು ಭಾರದ ಪುಸ್ತಕಗಳು. ಒಂದೊಂದು ಅಕ್ಷರದ ಅಂಚನ್ನೂ ಸವರಿ ಸವರಿ ಊಹಿಸಬೇಕು, ಬರೆಯುವುದಂತೂ ಮಕ್ಕಳಿಗೆ ಸಾಧ್ಯವೇ ಇರಲಿಲ್ಲ. ಆದರೆ ಕಣ್ಣು ಕಾಣುವ ಅಧ್ಯಾಪಕರಿಗೆ ಅದು ಓದಲು ಬರುತ್ತಿತ್ತು. ಫ್ರೆಂಚ್ ಸೇನೆಯಲ್ಲಿದ್ದ ಚಾರ್ಲ್ಸ್ ಬಾರ್ಬಿಯೇ ಎಂಬವರು ರೂಪಿಸಿದ ಹನ್ನೆರಡು ಚುಕ್ಕಿಯ ಸಂಕೇತವನ್ನು ಹಿಡಿದು, ಅದನ್ನು ಬೆರಳ ತುದಿಗೆ ಒಂದೇ ಸಲಕ್ಕೆ ಸಿಗುವ ಆರು ಚುಕ್ಕಿಗೆ ಇಳಿಸಿದಾಗ ಲೂಯಿಗೆ ಹದಿನೈದು ವರ್ಷ. 1829ರಲ್ಲಿ ಅದು ಅಚ್ಚಾಯಿತು. ಅವನ ಸ್ವಂತ ಶಾಲೆ ಅದನ್ನು ಅಧಿಕೃತವಾಗಿ ಒಪ್ಪಿಕೊಂಡದ್ದು 1854ರಲ್ಲಿ, ಅವನು ತೀರಿಕೊಂಡು ಎರಡು ವರ್ಷವಾದ ಮೇಲೆ. ಆ ಅಧ್ಯಾಪಕರು ಕೆಟ್ಟವರೇನಲ್ಲ. ಬದುಕನ್ನೇ ಆ ಮಕ್ಕಳಿಗಾಗಿ ಕೊಟ್ಟವರು. ತಮಗೆ ಓದಲಾಗದ ಚುಕ್ಕಿಗಳಲ್ಲಿ ಮಕ್ಕಳು ತಮ್ಮತಮ್ಮಲ್ಲೇ ಚೀಟಿ ಬರೆದುಕೊಳ್ಳುವುದು ಅವರಿಗೆ ಸರಿಬರಲಿಲ್ಲ, ಅಷ್ಟೇ. ನನ್ನ "ಹೊಟ್ಟೆ ಸೀಳಿದ ಷ" ನೆನಪಾಯಿತು.

ಈಗ ನನ್ನ ತಪ್ಪಿನ ಸರದಿ. ಎರಡನೇ ವರ್ಷ, ಒಂದು ಶನಿವಾರ. ಗೆಳತಿಯರೆಲ್ಲ ಹೊರಟಿದ್ದರು, ನಾನೂ ಹೊರಟೆ. ಹೇಳೋಣ ಹೇಳೋಣ ಅಂದುಕೊಂಡು ಮರೆತೆ. ಮರೆತೆ ಅನ್ನುವುದೂ ಅರ್ಧ ಸುಳ್ಳು. ಹೇಳಿದರೆ ಬೇಜಾರು ಮಾಡಿಕೊಳ್ಳುತ್ತಾಳೆ ಅಂತ ಮುಂದೂಡುತ್ತ ಹೋದೆ. ನಾಲ್ಕೂವರೆಗೆ ಫೋನ್ ನೋಡಿದರೆ ಅವಳ ಎರಡು ಕರೆ. "ಜ್ವರ ಬಂದಿತ್ತು" ಅಂತ ಸಂದೇಶ ಕಳಿಸಿದೆ. ಒಂದೂವರೆ ಗಂಟೆ ಗ್ರಂಥಾಲಯದ ಮೆಟ್ಟಿಲ ಮೇಲೆ ಕೂತಿದ್ದಳು ಅಂತ ಗೊತ್ತಾದದ್ದು ಮುಂದಿನ ವಾರ, ಅದೂ ಬೇರೆಯವರಿಂದ.

ಅವಳು ಕೂಗಾಡಲಿಲ್ಲ. ಜ್ವರ ಹೇಗಿದೆ ಅಂತ ಕೇಳಿದಳು. ಆ ದನಿ ಕೇಳಿ ನಿಜ ಹೇಳಿಬಿಟ್ಟೆ. ಸ್ವಲ್ಪ ಹೊತ್ತು ಸ್ಟೈಲಸ್ಸನ್ನು ತಿರುಗಿಸುತ್ತ ಕೂತಿದ್ದು, "ಬರಲ್ಲ ಅಂದಿದ್ರೆ ಸಾಕಿತ್ತು ಅಕ್ಕಾ. ಬರದೇ ಇರೋರು ನನಗೇನೂ ತೊಂದರೆ ಮಾಡಲ್ಲ. ಬರ್ತೀನಿ ಅಂದೋರಿಗೆ ಕಾಯೋದ್ರಲ್ಲೇ ನನ್ನ ಅರ್ಧ ಓದು ಹೋಗಿದೆ" ಅಂದಳು.

ಬೇರೇನೂ ಹೇಳಲಿಲ್ಲ. ಪುಸ್ತಕ ತೆಗೆದು ಕೊಟ್ಟಳು, ಓದಿದೆ.

ಸ್ವಯಂಸೇವೆಯ ಬಗ್ಗೆ ನಾವು ಮಾತಾಡುವಾಗಲೆಲ್ಲ ಮನಸ್ಸಿನ ಮಾತೇ ಜಾಸ್ತಿ. ದೊಡ್ಡ ಮನಸ್ಸು, ಒಳ್ಳೆ ಮನಸ್ಸು, ಮಿಡಿಯುವ ಮನಸ್ಸು. ಮೆಟ್ಟಿಲ ಮೇಲೆ ಕೂತವಳಿಗೆ ನನ್ನ ಮನಸ್ಸಿನಿಂದ ಏನಾಗಬೇಕಿತ್ತು? ಮೂರು ಗಂಟೆ ಅಂದರೆ ಮೂರು ಗಂಟೆಗೆ ಒಂದು ಜೊತೆ ಕಣ್ಣು ಬೇಕಿತ್ತು. ಆವತ್ತಿನಿಂದ ಶನಿವಾರ ಮೂರು ಗಂಟೆ ನನ್ನ ಮಟ್ಟಿಗೆ ಡಾಕ್ಟರರ ಅಪಾಯಿಂಟ್‌ಮೆಂಟ್ ಇದ್ದ ಹಾಗೆ. ಮನಸ್ಸಿದೆಯೋ ಇಲ್ಲವೋ ಅಂತ ನನ್ನನ್ನು ನಾನೇ ಕೇಳಿಕೊಳ್ಳುವುದಿಲ್ಲ. ಎಷ್ಟೋ ಶನಿವಾರ ಮನಸ್ಸಿರಲಿಲ್ಲ. ಅರ್ಥಶಾಸ್ತ್ರದ ಬೇಡಿಕೆ ಪೂರೈಕೆಯ ರೇಖೆಗಳನ್ನು ಬಾಯಲ್ಲಿ ವಿವರಿಸುವಾಗ ಆಕಳಿಕೆ ಬಂದಿದೆ. ಅವಳಿಗೂ ಬಂದಿದೆ.

ಹೋಲಿಕೆಗೆ ಒಂದು ಮಾತು. ಬಿ ಮೈ ಐಸ್ ಅನ್ನುವ ಆ್ಯಪ್ ಕೇಳಿರಬಹುದು. ಡೆನ್ಮಾರ್ಕಿನ ಹನ್ಸ್ ಯೋರ್ಗನ್ ವಿಬರ್ಗ್, ತಾವೇ ದೃಷ್ಟಿದೋಷ ಇರುವವರು, 2015ರಲ್ಲಿ ಶುರು ಮಾಡಿದ್ದು. ಕಣ್ಣು ಕಾಣದವರು ಫೋನಿನ ಕ್ಯಾಮೆರಾ ಹಿಡಿದು ಕರೆ ಮಾಡಿದರೆ, ಜಗತ್ತಿನ ಎಲ್ಲಿಂದಲೋ ಒಬ್ಬ ಸ್ವಯಂಸೇವಕ ಎತ್ತಿಕೊಂಡು, ಡಬ್ಬಿಯ ಮೇಲೆ ಬರೆದ ತಾರೀಖು ಏನು, ಅಂಗಿಯ ಬಣ್ಣ ಯಾವುದು ಅಂತ ನೋಡಿ ಹೇಳುತ್ತಾನೆ. ಅಲ್ಲಿ ಸಹಾಯ ಬೇಕಾದವರಿಗಿಂತ ಸಹಾಯ ಮಾಡಲು ಹೆಸರು ಕೊಟ್ಟವರ ಸಂಖ್ಯೆ ಹಲವು ಪಟ್ಟು ಹೆಚ್ಚು. ನಾನೂ ಹೆಸರು ಕೊಟ್ಟು, ಕರೆ ಬರಲೆಂದು ತಿಂಗಳುಗಟ್ಟಲೆ ಕಾದವಳು. ಜನರಲ್ಲಿ ಒಳ್ಳೆಯತನಕ್ಕೆ ಬರಗಾಲವಿಲ್ಲ ಅನ್ನುವುದಕ್ಕೆ ಇದೇ ಸಾಕ್ಷಿ. ಎರಡು ನಿಮಿಷ, ಇದ್ದಲ್ಲಿಂದಲೇ, ಬೇಕಾದಾಗ ಅಂದರೆ ಸಾಲುಗಟ್ಟಿ ನಿಲ್ಲುತ್ತಾರೆ. ವಾರದ ದಿನ ಬೆಳಿಗ್ಗೆ ಮೂರು ತಾಸಿನ ಪರೀಕ್ಷೆ, ಅದರ ಮೇಲೆ ಹೆಚ್ಚುವರಿ ಸಮಯ ಅಂದಾಗ ಗ್ರೂಪಿನಲ್ಲಿ ನೀಲಿ ಟಿಕ್ ಮಾತ್ರ ಕಾಣುತ್ತವೆ.

ಡಿಸೆಂಬರ್ 5 ಅಂತರರಾಷ್ಟ್ರೀಯ ಸ್ವಯಂಸೇವಕರ ದಿನ, 1985ರಲ್ಲಿ ವಿಶ್ವಸಂಸ್ಥೆ ಗೊತ್ತುಮಾಡಿದ್ದು. ಆವತ್ತು ಫೋಟೋಗಳ ಸುಗ್ಗಿ. ಒಮ್ಮೆ ನಮ್ಮಿಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ, ಅವಳ ಕೈ ಹಿಡಿದುಕೊಳ್ಳಿ ಅಂತ ನನಗೆ ಹೇಳಿದರು. ಆರು ವರ್ಷದಲ್ಲಿ ನಾನು ಅವಳ ಕೈ ಹಿಡಿದದ್ದೇ ಇಲ್ಲ. ನಡೆಯುವಾಗ ಅವಳೇ ನನ್ನ ಮೊಣಕೈ ಹಿಡಿಯುತ್ತಾಳೆ, ಸರಿಯಾದ ಕ್ರಮ ಅದೇ. ಅರ್ಧ ಹೆಜ್ಜೆ ಮುಂದಿರುವವರ ಮೊಣಕೈ ಹಿಡಿದರೆ ಮೆಟ್ಟಿಲು, ತಿರುವು ಎಲ್ಲ ತಾನಾಗಿ ತಿಳಿಯುತ್ತದೆ. ಕೈ ಹಿಡಿದು ಎಳೆದರೆ ಎಡವುತ್ತಾರೆ. ಫೋಟೋಗೆ ಅದು ಚೆನ್ನಾಗಿ ಕಾಣಲ್ಲವಂತೆ. ಅವಳು "ಹಿಡ್ಕೊಳ್ಳಿ ಅಕ್ಕಾ, ಪಾಪ, ಅವರಿಗೂ ಪುಣ್ಯ ಬರಲಿ" ಅಂದಳು, ಅವರಿಗೆ ಕೇಳಿಸುವ ಹಾಗೇ.

ಪುಣ್ಯ ಅನ್ನುವ ಪದ ಕೇಳಿದರೆ ಅವಳಿಗೆ ಆಗುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಹಿರಿಯರು "ಇದ್ರಿಂದ ಏನು ಸಿಗುತ್ತೆ?" ಅಂತ ಮೊದಲು ಕೇಳುತ್ತಿದ್ದರು, ಆಮೇಲೆ ತಾವೇ "ಹೋಗ್ಲಿ ಬಿಡು, ಪುಣ್ಯ ಬರುತ್ತೆ" ಅಂತ ಸಮಾಧಾನ ಮಾಡಿಕೊಂಡರು. ಇದನ್ನು ಅವಳಿಗೆ ಹೇಳಿದಾಗ, "ನಿಮ್ಮ ಪಾಸ್‌ಬುಕ್ಕಿಗೆ ನಾನು ಚಲನ್ನಾ?" ಅಂದಳು. 2006ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಅವಳು ರಾಜ್ಯಶಾಸ್ತ್ರದ ಪತ್ರಿಕೆಗೆ ಓದಿದ್ದಳು, ನಾನೇ ಓದಿ ಹೇಳಿದ್ದೆ. ಅದರಲ್ಲಿ ಎಲ್ಲೂ ದಯೆಯ ಮಾತಿಲ್ಲ ಅಂತ ನನಗೆ ತೋರಿಸಿಕೊಟ್ಟವಳು ಅವಳು. ಸಮಂಜಸ ಹೊಂದಾಣಿಕೆ ಅನ್ನುವ ಒಣ ಪದವೊಂದಿದೆ. ಕಟ್ಟಡಕ್ಕೆ ಇಳಿಜಾರು ಹೇಗೋ ಪರೀಕ್ಷೆಗೆ ಸ್ಕ್ರೈಬ್ ಹಾಗೆ. ಇಳಿಜಾರನ್ನು ಯಾರೂ ಪುಣ್ಯಾತ್ಮ ಅನ್ನುವುದಿಲ್ಲ. ಮೊದಮೊದಲು ಈ ಹೋಲಿಕೆಯಿಂದ ನನಗೆ ಸ್ವಲ್ಪ ನೋವಾದದ್ದು ನಿಜ. ಈಗ ಅದರಲ್ಲಿ ಒಂಥರಾ ನೆಮ್ಮದಿಯಿದೆ. ಸಿಮೆಂಟಿಗೆ ಮುಖಭಾವ ಇರಬೇಕಾಗಿಲ್ಲ.

ಋತುಗಳ ಪ್ರಶ್ನೆಗೆ ಬರುತ್ತೇನೆ. ಪರೀಕ್ಷೆ ಮುಗಿದು ಹೊರಗೆ ಬಂದ ಮೇಲೆ ಕ್ಷಮೆ ಕೇಳಿದೆ, ಕೈ ನಿಲ್ಲಬಾರದಿತ್ತು ಅಂತ. "ನಿಂತ ತಕ್ಷಣ ಗೊತ್ತಾಯ್ತು ತಪ್ಪು ಅಂತ" ಅಂದಳು. "ಸರಿ ಉತ್ತರವೂ ನೆನಪಾಯ್ತು, ಓರೆ ಅಲ್ವಾ?" ನನಗೆ ಅರ್ಥವಾಗಲಿಲ್ಲ. ನೆನಪಾಗಿದ್ದರೆ ಹೇಳಬಹುದಿತ್ತಲ್ಲ, ಹೊಡೆದು ಬರೆಯುತ್ತಿದ್ದೆನಲ್ಲ. "ಆಗ ಐದರಲ್ಲಿ ಎಷ್ಟು ನಂದು, ಎಷ್ಟು ನಿಮ್ಮದು ಅಂತ ನಾನು ಹೇಗೆ ಲೆಕ್ಕ ಹಾಕ್ಲಿ?"

ಐದು ಅಂಕ ಬಿಟ್ಟುಕೊಡುವಷ್ಟು ಹಟ ಬೇಕಿತ್ತಾ ಅಂತ ಇವತ್ತಿಗೂ ನನಗೆ ಅನುಮಾನ. ನಾನಾಗಿದ್ದರೆ ತಿದ್ದಿಸಿಕೊಳ್ಳುತ್ತಿದ್ದೆ. ಆದರೆ ಆ ಐದು ಅಂಕ ಕಳೆದದ್ದು ಅವಳ ತಪ್ಪು ಉತ್ತರವೋ ನನ್ನ ಸರಿ ಉತ್ತರವೋ ಅನ್ನುವುದನ್ನು ಎಷ್ಟೋ ರಾತ್ರಿ ಯೋಚಿಸಿದ್ದೇನೆ. ಅಲ್ಲಿಂದೀಚೆಗೆ ನನ್ನ ಅಭ್ಯಾಸ ಬದಲಾಯಿತು. ಸರಿ ತಪ್ಪು ಏನೇ ಬರಲಿ, ಪ್ರತಿ ವಾಕ್ಯದ ಕೊನೆಗೂ ಒಂದೇ ಅಳತೆಯಲ್ಲಿ ಪೆನ್ನು ನಿಲ್ಲಿಸುತ್ತೇನೆ. ಎಲ್ಲ ಕಡೆ ನಿಂತರೆ ಎಲ್ಲೂ ಸುಳಿವು ಸಿಗುವುದಿಲ್ಲ.

ಹೋದ ವರ್ಷ ಅವಳ ಫೋನ್ ಬಂತು. "ಈ ಸಲ ನೀವು ಬೇಡ ಅಕ್ಕಾ." ಪರದೆಯ ಮೇಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಇರುವ ಕಂಪ್ಯೂಟರಿನಲ್ಲಿ ತಾನೇ ಟೈಪ್ ಮಾಡಿ ಬರೆಯಲು ಅನುಮತಿ ಸಿಕ್ಕಿತ್ತು. ಅವಳು ಬಳಸುವುದು ಎನ್‌ವಿಡಿಎ, ಆಸ್ಟ್ರೇಲಿಯಾದ ಇಬ್ಬರು ಅಂಧ ತರುಣರು ಮೈಕೆಲ್ ಕರನ್, ಜೇಮ್ಸ್ ಟೆ ಸೇರಿ ಬೆಳೆಸಿದ ಉಚಿತ ತಂತ್ರಾಂಶ, 2006ರಿಂದ ಇದೆ. ಲೂಯಿ ಬ್ರೈಲ್‌ನಂತೆ ಇವರೂ ಬೇರೆಯವರು ಮಾಡಿಕೊಡಲಿ ಅಂತ ಕಾಯಲಿಲ್ಲ. ನನಗೆ ಖುಷಿಯಾಗಬೇಕಿತ್ತು, ಆಯಿತು ಕೂಡ. ಆದರೆ ಫೋನಿಟ್ಟ ಮೇಲೆ ಏನೋ ಕಳೆದುಕೊಂಡ ಹಾಗೆ ಅರ್ಧ ದಿನ ಓಡಾಡಿದೆ. ಬೇಡವಾಗುವುದೇ ಈ ಕೆಲಸದ ಗುರಿ ಅಂತ ಸಭೆಗಳಲ್ಲಿ ಹೇಳುವುದು ಸುಲಭ. ಶನಿವಾರ ಮೂರು ಗಂಟೆಗೆ ಕೈಯಲ್ಲಿ ಏನೂ ಇಲ್ಲದೆ ಕೂತಾಗ ಅದರ ರುಚಿ ಬೇರೆ.

ಈಗ ಇನ್ನೊಬ್ಬರಿಗೆ ಬರೆಯುತ್ತಿದ್ದೇನೆ. ಐವತ್ತು ದಾಟಿದವರು, ಎಂದೋ ಅರ್ಧಕ್ಕೆ ಬಿಟ್ಟ ಪದವಿಯನ್ನು ಈಗ ಮುಗಿಸಹೊರಟವರು. ಪಾರ್ಶ್ವವಾಯುವಿನಿಂದ ಬಲಗೈ ಏಳುವುದಿಲ್ಲ, ಮಾತು ನಿಧಾನ. ಕಣ್ಣು ಮಾತ್ರ ಹದ್ದಿನದು. ನಾನು ಆರು ವರ್ಷ ಕಲಿತದ್ದೆಲ್ಲ ಅವರ ಮುಂದೆ ಕೆಲಸಕ್ಕೆ ಬಾರದು. ಪೆನ್ನಿನ ಸದ್ದನ್ನು ಅವರು ಕೇಳುವುದಿಲ್ಲ, ಪೆನ್ನಿನ ತುದಿಯನ್ನೇ ನೋಡುತ್ತಿರುತ್ತಾರೆ. "ಅದು ದೀರ್ಘ ಆಗ್ಬೇಕಮ್ಮ" ಅನ್ನುತ್ತಾರೆ, ಅವರದ್ದೇ ಸರಿ ಇರುತ್ತದೆ.

ಮೊನ್ನೆ ಇತಿಹಾಸದ ಅಭ್ಯಾಸ. ಮೊದಲ ಮಹಾಯುದ್ಧದ ಪ್ರಶ್ನೆ. "1914ರ ಜೂನ್ 28ರಂದು ಸರಾಯೆವೊದಲ್ಲಿ ನಡೆದ ಹತ್ಯೆಯು ಯುದ್ಧಕ್ಕೆ..." ಅಂತ ಹೇಳಿ ನಿಂತರು. ಪದ ಹುಡುಕುತ್ತಿದ್ದಾರೆ ಅಂತ ಗೊತ್ತಾಯಿತು. ಹತ್ತು ಸೆಕೆಂಡ್, ಇಪ್ಪತ್ತು ಸೆಕೆಂಡ್. ನನ್ನ ಕೈ ತಾನಾಗಿ "ಕಾರಣ" ಅಂತ ಬರೆದುಬಿಟ್ಟಿತು.

"ನಾನಿನ್ನೂ ಅದನ್ನ ಹೇಳಿಲ್ಲವಲ್ಲಮ್ಮ" ಅಂದರು.

ಹೊಡೆದು ಹಾಕಿ, ಪೆನ್ನನ್ನು ಕಾಗದದಿಂದ ಮೇಲೆತ್ತಿ ಕಾದೆ. ಗೋಡೆ ಗಡಿಯಾರದ ಮುಳ್ಳು ಅರ್ಧ ಸುತ್ತು ಬಂತು.

"ನೆಪ" ಅಂದರು.